ಒಂಟಿ ಕಾಲಾಳು

ಹೋದ ಭಾನುವಾರ ಅಲ್ಲ, ಅದರ ಹಿಂದಿನ ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದೂವರೆಯವರೆಗೆ ನನ್ನ ಬಲಗೈ ನನ್ನದಾಗಿರಲಿಲ್ಲ. ಬೈಂದೂರಿನ ಬಚ್ಚನಿಗೆ ಕೊಟ್ಟಿದ್ದೆ.

ಪುಣ್ಯದ ಕೆಲಸ ಎಂದುಕೊಂಡೇ ಕೊಟ್ಟದ್ದು. ವಾಪಸು ಬರುವಾಗ ಆ ಕೈಯನ್ನು ಕೋಟಿನ ಜೇಬಿನಲ್ಲಿ ಹುದುಗಿಸಿಕೊಂಡು ಬಂದೆ.

ಕಳೆದ ವಾರ ಪೇಪರಿನ ಈ ಜಾಗದಲ್ಲಿ ಇದ್ದಿಲು ಉರಿಸಿ ಓಡುವ ಬಸ್ಸಿನ ಬಗ್ಗೆ ತಮಾಷೆಯಾಗಿ ಬರೆದಿದ್ದೆ. ಬಹಳ ಜನ ನಕ್ಕರಂತೆ, ಪೋಸ್ಟ್ ಆಫೀಸಿನ ಹತ್ತಿರ ಒಬ್ಬರು ತಡೆದು ನಿಲ್ಲಿಸಿ ಹೇಳಿದರು. ನಿಜ ಹೇಳುತ್ತೇನೆ, ಬರೆಯಬೇಕಾಗಿದ್ದದ್ದು ಬಸ್ಸಿನ ಕತೆ ಅಲ್ಲ. ಧೈರ್ಯ ಬರಲಿಲ್ಲ. ಧೈರ್ಯ ಇಲ್ಲದವರು ತಮಾಷೆ ಬರೆಯುತ್ತಾರೆ. (ನನ್ನ ಹಳೆಯ ಓದುಗರಿಗೆ ಇದು ಮೊದಲೇ ಗೊತ್ತಿರಬಹುದು.)

ಬಚ್ಚ ಯಾರು? ದೀಪಾವಳಿಯ ಸುಮಾರಿಗೆ ಬೈಂದೂರಿನ ಒಬ್ಬ ಚದುರಂಗದ ಹುಲಿಯ ಬಗ್ಗೆ ಬರೆದಿದ್ದೆನಲ್ಲ, ಅವನೇ. ನಲವತ್ತರ ಆಸುಪಾಸು. ಹದಿನಾರು ವರ್ಷ ಬೊಂಬಾಯಿಯ ಬಟ್ಟೆ ಮಿಲ್ಲಿನಲ್ಲಿ ದುಡಿದು, ಎದೆಯೊಳಗೆ ಹತ್ತಿಯ ದೂಳು ತುಂಬಿಸಿಕೊಂಡು, ಕೆಮ್ಮುತ್ತ ಊರಿಗೆ ಬಂದವ. ಮಿಲ್ಲಿನ ಎದುರಿನ ಚಹಾದ ಅಂಗಡಿಯಲ್ಲಿ ಚದುರಂಗ ಕಲಿತನಂತೆ. ಅಲ್ಲಿ ಬೆಂಚಿನ ಮೇಲೆ ಕೂತು ಗುಜರಾತಿ, ಮರಾಠಿ, ಇರಾನಿ ಎನ್ನದೆ ಎಲ್ಲರನ್ನೂ ಸೋಲಿಸುತ್ತಿದ್ದ. ಯಾರೂ ಅವನ ಜಾತಿ ಕೇಳಲಿಲ್ಲ. ಕೇಳಿದರೂ ಸೋಲುವುದು ತಪ್ಪುತ್ತಿತ್ತೇ?

ಆ ಜಾತಿ ಯಾವುದೆಂದು ನಾನೂ ಬರೆಯುವುದಿಲ್ಲ. ನಮ್ಮ ಕಡೆಯ ಜಗಲಿಗಳನ್ನು ಹತ್ತದ ಜಾತಿ ಎಂದರೆ ಸಾಕು, ನಿಮಗೆ ತಿಳಿಯುತ್ತದೆ. ಅಷ್ಟು ಬೇಗ ತಿಳಿಯುತ್ತದಲ್ಲ, ಅದೇ ನಾವು ಶಾಲೆಗೆ ಹೋಗದೆ ಕಲಿತ ವಿದ್ಯೆ.

ನನ್ನ ಆ ಲೇಖನವನ್ನು ಬ್ರಹ್ಮಾವರದ ಸಂಕಯ್ಯ ಹೆಗ್ಡೆರು ಓದಿದರು. ಹೆಗ್ಡೆರು ಆಸ್ತಿವಂತರು, ಅರವತ್ತು ದಾಟಿದವರು. ಚದುರಂಗದಲ್ಲಿ ಸುತ್ತಲಿನ ಊರುಗಳಲ್ಲಿ ಅವರನ್ನು ಸೋಲಿಸಿದವರು ಯಾರೂ ಇಲ್ಲ. ಒಳ್ಳೆಯವರು ಕೂಡ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಯುದ್ಧದ ಕಾಲದಲ್ಲಿ ಬರ್ಮಾ ಅಕ್ಕಿ ನಿಂತಾಗ ತಮ್ಮ ಕಣಜ ತೆರೆದು ಗಂಜಿ ಬೇಯಿಸಿ ಹಾಕಿಸಿದವರು. ಅವರಿಂದ ನನಗೆ ಕಾರ್ಡು ಬಂತು. "ನಿಮ್ಮ ಹುಲಿಯನ್ನು ಒಮ್ಮೆ ಕರೆತನ್ನಿ. ಅಂಗಳದಲ್ಲಿ ಕೂತು ಆಡಲಿ."

ಅಂಗಳದಲ್ಲಿ ಕೂತು ಆಡುವುದು ಹೇಗೆ?

ಹೀಗೆ. ಹೆಗ್ಡೆರು ಜಗಲಿಯ ಮೇಲೆ, ಬೋರ್ಡಿನ ಮುಂದೆ. ಬಚ್ಚ ಕೆಳಗೆ, ಹುಲ್ಲು ಒಟ್ಟಿದ ಕುತ್ರಿಯ ಹತ್ತಿರ, ಗೋಣಿಚೀಲದ ಮೇಲೆ. ಅಲ್ಲಿಂದ ಜಗಲಿಯ ಬೋರ್ಡು ಕಾಣುವುದಿಲ್ಲ. ಅದಕ್ಕೇ ಅವನು ತನ್ನದೇ ಒಂದು ಬೋರ್ಡು, ತಾನೇ ಕೆತ್ತಿದ ಮರದ ಕಾಯಿಗಳನ್ನು ತಂದಿದ್ದ. ಹೆಗ್ಡೆರು ಒಂದು ಕಾಯಿ ನಡೆಸಿ ಬಾಯಲ್ಲಿ ಹೇಳುತ್ತಾರೆ. ಬಚ್ಚ ತನ್ನ ಬೋರ್ಡಿನಲ್ಲಿ ಅದನ್ನು ನಡೆಸಿಕೊಂಡು, ಯೋಚಿಸಿ, ತನ್ನ ಉತ್ತರ ನಡೆಸಿ, ಕೂಗಿ ಹೇಳುತ್ತಾನೆ. ಅವನು ಹೇಳಿದ್ದನ್ನು ಜಗಲಿಯ ಬೋರ್ಡಿನಲ್ಲಿ ನಡೆಸಲು ಒಂದು ಕೈ ಬೇಕಲ್ಲ? ಅದು ನನ್ನದು.

ನಾನು ಕೋಟದ ಕಡೆಯ ಬ್ರಾಹ್ಮಣ, ಕುಂದಾಪುರದಲ್ಲಿ ಶಾಲೆ ಮಾಷ್ಟ್ರು. ನನ್ನ ಕೈ ಎಲ್ಲಿಯೂ ನಡೆಯುತ್ತದೆ.

ಅವತ್ತು ಬೆಳಿಗ್ಗೆ ಮಾಬುಕಳದ ಕಡವಿನಲ್ಲಿ ದೋಣಿ ಹತ್ತಿದೆವು. ಬಸ್ಸಿನಲ್ಲಿ ಅವನು ಹಿಂದೆ, ನಾನು ಮುಂದೆ. ದೋಣಿಯಲ್ಲಿ ಹಿಂದೆ ಮುಂದೆ ಎಂದು ಇಲ್ಲ, ಇದ್ದದ್ದು ಒಂದೇ ಹಲಗೆ. ನಡುಹೊಳೆಯಲ್ಲಿ ಅವನು ಹೇಳಿದ:

"ಮಾಷ್ಟ್ರೆ, ಒಂದ್ ಮಾತ್. ನಾ ಪೂರ್ತಿ ಹೇಳಿ ಮುಗ್ಸಿದ್ ಮೇಲೆ ಕಾಯಿ ಮುಟ್ಟಿ, ಅಕ್ಕಾ? ನಂಗ್ ನಡು ನಡು ಕೆಮ್ಮ್ ಬತ್ತ್."

"ಅಕ್ಕ್ ಮಾರಾಯ. ಅಷ್ಟೂ ಗೊತ್ತಾತಿಲ್ಯಾ ನಂಗೆ?" ಎಂದು ಒಪ್ಪಿಕೊಂಡೆ.

"ಬೊಂಬಾಯಂಗೆ ಎದ್ರ್ ಎದ್ರ್ ಕೂಕಂಡ್ ಆಡ್ತಿದ್ದೆ. ಊರಂಗೂ ಒಂದ್ ಸಲ ಹಾಂಗ್ ಆಡ್ಕ್ ಅಂದ್ ಆಸಿ. ಮತ್ತೆಂತ ಬ್ಯಾಡ."

ಇನ್ನು ಬೊಂಬಾಯಿಗೆ ಹೋಗುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವನಿಗೆ ಇನ್ನು ಇರುವುದು ಈ ಊರು ಮಾತ್ರ.

ಹೆಗ್ಡೆರ ಮನೆಯ ಜಗಲಿಯಲ್ಲಿ ಇಪ್ಪತ್ತು ಜನ ಸೇರಿದ್ದರು. ಹೆಗ್ಡೆರು ಎಲ್ಲರ ಎದುರು ದೊಡ್ಡ ಸ್ವರದಲ್ಲಿ ಕರೆದರು:

"ಹ್ವಾಯ್ ಬಚ್ಚ! ಕೇಣ್. ನೀ ಗೆದ್ರೆ ಇವತ್ತೇ ಜಗಲಿ ಹತ್ತ್. ಮುಂದಿನ್ ಆಟ ನನ್ ಎದ್ರ್ ಕೂಕಂಡ್, ನಿನ್ ಕೈಯಂಗೇ ಆಡ್. ಇದ್ ನನ್ ಮಾತ್."

ಹಾಗೆ ಹೇಳಿ ಒಂದು ಮಣೆ ತರಿಸಿ ಬೋರ್ಡಿನ ಆಚೆ ಬದಿಗೆ, ತಮ್ಮ ಎದುರಿಗೇ ಹಾಕಿಸಿದರು. ಹಲಸಿನ ಮರದ ಮಣೆ. ಖಾಲಿ. ನಾನು ಅದರ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಅಂಗಳದಿಂದ ಬೋರ್ಡು ಕಾಣದಿದ್ದರೂ ಆ ಮಣೆ ಕಾಣುತ್ತಿತ್ತು. ಬಚ್ಚ ಅದನ್ನು ನೋಡಿದ್ದನ್ನು ನಾನು ನೋಡಿದೆ.

ದೇವಸ್ಥಾನದ ಬಾಗಿಲು ಎಲ್ಲರಿಗೂ ತೆರೆಯಬೇಕೆಂದು ಮದ್ರಾಸಿನಲ್ಲಿ ಕಾನೂನು ಆಗಿದೆ. ಬ್ರಿಟಿಷರು ಹೋಗಿ ಒಂದೂವರೆ ವರ್ಷ ಕಳೆದಿದೆ. ಜಗಲಿಗೆ ಮಾತ್ರ ಯಾವ ಕಾನೂನೂ ಇನ್ನೂ ಹತ್ತಿಲ್ಲ. ಅಂಥದ್ದರಲ್ಲಿ ಹೆಗ್ಡೆರು ತಾವಾಗಿಯೇ ಕೊಟ್ಟ ಮಾತು ಅದು. ಇದರ ಬಗ್ಗೆ ಎಂಥ ಲೇಖನ ಬರೆಯಬಹುದು ಎಂದು ಆಗಲೇ ಮನಸ್ಸಿನಲ್ಲಿ ಮೊದಲ ಸಾಲು ಹೊಸೆದೆ. (ಆ ಸಾಲು ಈಗ ನೆನಪಿಲ್ಲ. ಬೇಡವೂ ಬೇಡ.)

"ರೂಲ್ಸ್ ಒಂದೇ," ಎಂದರು ಹೆಗ್ಡೆರು. "ಮುಟ್ಟಿದ್ ಕಾಯಿ ನಡ್ಸ್ಕೇ. ಮಾಷ್ಟ್ರೆ, ನಿಮ್ ಕೈ ಇವತ್ತಿಗೆ ಬಚ್ಚನ್ ಕೈ. ನೀವ್ ಮುಟ್ಟಿರೆ ಅಂವ ಮುಟ್ಟಿದ್ ಲೆಕ್ಕ."

ಎಂಥ ಮಾತು ನೋಡಿ! ನಾನು ಮುಟ್ಟಿದರೆ ಅವನು ಮುಟ್ಟಿದ ಹಾಗೆ. ಹಾಗಾದರೆ ಬೋರ್ಡಿಗೆ ಮೈಲಿಗೆ ಆಗಬೇಕಿತ್ತಲ್ಲ? ಆಗಲಿಲ್ಲ. ಮೈಲಿಗೆಗೆ ಬೇರೆ ರೂಲ್ಸ್, ಆಟಕ್ಕೆ ಬೇರೆ ರೂಲ್ಸ್. ಆಗ ನನಗೆ ಇದು ಹೊಳೆಯಲಿಲ್ಲ. ಎಲ್ಲರ ಜೊತೆ ನಾನೂ ತಲೆಯಾಡಿಸಿದೆ.

ಆಟ ಸುರುವಾಯಿತು. ಅಂಥ ಆಟವನ್ನು ನಾನು ನೋಡಿಲ್ಲ. ಹೆಗ್ಡೆರು ಆನೆಗಳನ್ನು ಮುಂದೆ ತಂದು ಮೇಲೆ ಬೀಳುವ ಸ್ವಭಾವದವರು. ಬಚ್ಚ ಬಾಗುತ್ತಾನೆ, ದಾರಿ ಬಿಡುತ್ತಾನೆ, ಇನ್ನೇನು ಮುಗಿಯಿತು ಎನ್ನುವಾಗ ಎಲ್ಲಿಂದಲೋ ಕುದುರೆ ತಂದು ನಿಲ್ಲಿಸುತ್ತಾನೆ. ಎರಡು ತಾಸು ಕಳೆದ ಮೇಲೆ ಹೆಗ್ಡೆರ ಕೈಯಲ್ಲಿ ನಶ್ಯದ ಡಬ್ಬಿ ಹಾಗೇ ಉಳಿದಿತ್ತು, ಏರಿಸಲು ಮರೆತಿದ್ದರು. ಅಂಗಳದಲ್ಲಿ ಬಿಸಿಲು ಸರಿಯುತ್ತ ಸರಿಯುತ್ತ ಬಚ್ಚನ ತಲೆಯ ಮೇಲೆ ಬಂದಿತ್ತು. ಅವನು ಏಳಲಿಲ್ಲ. ತೆಂಗಿನ ಗೆರಟೆಯಲ್ಲಿ ಕೊಟ್ಟ ಕಾಫಿ ಪಕ್ಕದಲ್ಲಿ ಆರಿತ್ತು.

ಹನ್ನೆರಡೂವರೆಗೆ ಬಚ್ಚ ತನ್ನ ಒಂದು ಕುದುರೆಯನ್ನು ಸುಮ್ಮನೆ ಬಿಟ್ಟುಕೊಟ್ಟ. ಜಗಲಿಯಲ್ಲಿ ನಗು. "ಬಿಸ್ಲಿಗ್ ತಲಿ ಕೆಟ್ಟಿತ್," ಎಂದರು ಯಾರೋ. ಹೆಗ್ಡೆರು ನಗಲಿಲ್ಲ. ಯಾಕೆಂದರೆ ಆ ಕುದುರೆ ಹೋದ ದಾರಿಯಲ್ಲಿ ಬಚ್ಚನ ಒಂದು ಕಾಲಾಳು ನುಸುಳಿಕೊಂಡು ಮುಂದೆ ಬಂದಿತ್ತು. ಅಕ್ಕಪಕ್ಕದಲ್ಲಿ ಜೊತೆಗಾರರಿಲ್ಲದ ಒಂಟಿ ಕಾಲಾಳು. ಇನ್ನು ಎರಡು ಮನೆ ದಾಟಿದರೆ ಕೊನೆಯ ಸಾಲು. ಕೊನೆಯ ಸಾಲು ಮುಟ್ಟಿದ ಕಾಲಾಳು ಮಂತ್ರಿಯಾಗುತ್ತದೆ, ನಿಮಗೆ ಗೊತ್ತಲ್ಲ.

ಹೆಗ್ಡೆರಿಗೂ ಒಂದು ದಾರಿ ಇತ್ತು. ಅವರ ಮಂತ್ರಿ ದೂರದಿಂದ ನೇರ ಸಾಲಿನಲ್ಲಿ ಬಚ್ಚನ ರಾಜನ ಪಕ್ಕದ ಮನೆಯನ್ನೇ ದಿಟ್ಟಿಸುತ್ತಿತ್ತು. ನಡುವೆ ಬಚ್ಚನ ಒಂಟೆ ನಿಂತಿತ್ತು, ಬಾಗಿಲಿಗೆ ಅಗಳಿ ಇದ್ದ ಹಾಗೆ. ಒಂಟೆ ಅಲ್ಲೇ ಇದ್ದರೆ ಬಚ್ಚ ಗೆದ್ದ. ಒಂಟೆ ಕದಲಿದರೆ ಸೋತ. ನನ್ನಂಥ ಸಾಧಾರಣ ಆಟಗಾರನಿಗೂ ಅದು ಸ್ಪಷ್ಟ ಕಾಣುತ್ತಿತ್ತು.

ಆದರೆ ನನಗೆ ಹಸಿವಾಗಿತ್ತು.

ನಗಬೇಡಿ. ಒಳಗೆ ಎಲೆ ಹಾಕಿದ್ದರು. ಕೋಟದಿಂದ ಭಟ್ಟರನ್ನು ಕರೆಸಿ ಅಡುಗೆ ಮಾಡಿಸಿದ್ದರು. (ಎಲ್ಲ ನನಗಾಗಿ. ನನ್ನ ಜಾತಿಯೂ ಕೆಡಬಾರದಲ್ಲ!) ರೇಷನ್ ಅಕ್ಕಿಯ ಕಲ್ಲು ಹೆಕ್ಕಿ ಉಣ್ಣುವ ಮಾಷ್ಟ್ರ ಮೂಗಿಗೆ ಹೊಸ ಬೆಲ್ಲದ ಪಾಯಸದ ಪರಿಮಳ ಬಡಿದರೆ ಎಂತ ಆಗಬೇಕು? ಬೇಗ ಮುಗಿಯಲಿ ಎಂದು ಕೈಯನ್ನು ಬೋರ್ಡಿನ ಮೇಲೆಯೇ ಚಾಚಿಕೊಂಡು ಕೂತಿದ್ದೆ.

ಅಂಗಳದಿಂದ ಬಚ್ಚನ ಸ್ವರ ಬಂತು: "ಒಂಟಿ..."

ನಮ್ಮ ಕುಂದಾಪ್ರದ ನಾಲಗೆ ನಿಮಗೆ ಗೊತ್ತು. ಮನೆ ಎಂದರೆ ಮನಿ. ಕುದುರೆ ಕುದ್ರಿ, ಆನೆ ಆನಿ. ಒಂಟೆ? ಒಂಟಿ. ಒಬ್ಬಂಟಿಯೂ ಒಂಟಿಯೇ. ಪುಸ್ತಕದಲ್ಲಿ ಎರಡು ಬೇರೆ ಬೇರೆ ಶಬ್ದ, ನಮ್ಮ ಬಾಯಲ್ಲಿ ಒಂದೇ. ಬೇರೆ ಸೀಮೆಯವರು ಈ ತಪ್ಪು ಮಾಡಲಿಕ್ಕೇ ಸಾಧ್ಯವಿಲ್ಲ.

ಅವನು "ಒಂಟಿ" ಎಂದ. ಕೆಮ್ಮಿದ. ನನ್ನ ಕೈ ಒಂಟೆಯನ್ನು ಹಿಡಿದು ಎತ್ತಿತು. ಕೆಮ್ಮು ನಿಂತಿತು. "...ಕಾಲಾಳ್ ಒಂದ್ ಮನಿ ಮುಂದ್ ಮಾಡಿ," ಎಂದ.

ಒಂಟೆ ನನ್ನ ಬೆರಳುಗಳ ನಡುವೆ ಗಾಳಿಯಲ್ಲಿತ್ತು.

ವಾಪಸು ಇಡಲು ಹೋದೆ. ಹೆಗ್ಡೆರು ಅಂಗೈಯನ್ನು ಆ ಮನೆಯ ಮೇಲೆ ಅಡ್ಡ ಇಟ್ಟರು.

"ಮುಟ್ಟಿ ಆಯ್ತಲೆ ಮಾಷ್ಟ್ರೆ."

ಬಚ್ಚನಿಗೆ ಏನಾಯಿತೆಂದು ಕಾಣುವುದಿಲ್ಲ. ಅವನು ಎದ್ದು ನಿಂತ. "ಎಂತ ಆಯ್ತ್ ಒಡೆಯಾ?"

"ನೀ ಒಂಟಿ ಅಂದ್ಯಲ. ಒಂಟಿ ಮುಟ್ಟಿ ಆಯ್ತ್. ಒಂಟಿ ನಡ್ಸ್."

"ನಾ ಒಂಟಿ ಕಾಲಾಳ್ ಅಂದದ್ದ್."

"ಮದ್ಲ್ ಒಂಟಿ ಅಂದ್ಯಾ, ಇಲ್ಯಾ?"

"ಅಂದೆ. ಆರೆ..."

ಮತ್ತೆ ಕೆಮ್ಮು. ಆ 'ಆರೆ'ಯ, ಆ 'ಆದರೆ'ಯ, ಮುಂದಿನ ಮಾತು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಹೆಗ್ಡೆರು ನನ್ನ ಕಡೆ ತಿರುಗಿದರು. ಅವರು ಅನ್ಯಾಯ ಮಾಡುವವರಲ್ಲ, ಕೇಳಿಯೇ ಕೇಳಿದರು: "ನೀವೇ ಹೇಳಿ ಮಾಷ್ಟ್ರೆ. ನಿಮ್ ಕೆಮಿಗ್ ಬಿದ್ದದ್ ಎಂತ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೆಳಗಿನಿಂದ ಬಚ್ಚನೂ. ಇಡೀ ಆಟ ಈಗ ನನ್ನ ಬಾಯಿಯಲ್ಲಿತ್ತು. 'ತಪ್ಪು ನನ್ನದು, ಪೂರ್ತಿ ಕೇಳುವ ಮೊದಲೇ ಮುಟ್ಟಿದೆ, ದೋಣಿಯಲ್ಲಿ ಅವನು ಮೊದಲೇ ಹೇಳಿದ್ದ.' ಇಷ್ಟು ಹೇಳಿದ್ದರೆ ಹೆಗ್ಡೆರು ಕೈ ತೆಗೆಯುತ್ತಿದ್ದರು. ಈಗಲೂ ಹಾಗೆಯೇ ನಂಬಿದ್ದೇನೆ.

"ಒಂಟಿ ಅಂದ್ ಬಿದ್ದದ್ದ್ ಹೌದ್," ಎಂದೆ.

ಸುಳ್ಳಲ್ಲ. ಸತ್ಯವೇ. ಅರ್ಧ.

ಯಾಕೆ ಹಾಗೆ ಹೇಳಿದೆ? ಹನ್ನೊಂದು ದಿನದಿಂದ ಯೋಚಿಸುತ್ತಿದ್ದೇನೆ. ಇಪ್ಪತ್ತು ಜನರೆದುರು ಮಾಷ್ಟ್ರ ಕಿವಿ ಸರಿಯಿಲ್ಲ ಎಂದಾಗುವುದು ಬೇಡವಾಗಿತ್ತು. ಹೆಗ್ಡೆರ ಕಣ್ಣಲ್ಲಿ ಚಿಕ್ಕವನಾಗುವುದು ಬೇಡವಾಗಿತ್ತು. ಪಾಯಸವೂ ಇತ್ತು. ಇಷ್ಟು ಚಿಲ್ಲರೆ ಕಾರಣಗಳಿಗೆ ಒಬ್ಬ ಮನುಷ್ಯನನ್ನು ಮಾರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಉಳಿದ ಇಪ್ಪತ್ತು ಜನ? ಅವರಿಗೂ ನಲವತ್ತು ಕಿವಿ ಇತ್ತು. ಅವರು ಎಲೆ ಅಡಿಕೆ ಜಗಿಯುತ್ತಿದ್ದರು.

ಬಚ್ಚ ವಾದ ಮಾಡಲಿಲ್ಲ. ತನ್ನ ಬೋರ್ಡಿನ ಕಡೆ ಬಗ್ಗಲೂ ಇಲ್ಲ. ನಿಂತೇ, ಆ ಖಾಲಿ ಮಣೆಯನ್ನೇ ನೋಡುತ್ತ, ನೆನಪಿನಿಂದಲೇ ಹೇಳಿದ: "ಹಾಂಗಾರೆ ಒಂಟಿ ಒಂದ್ ಮನಿ ಹಿಂದ್ ಮಾಡಿ." ಮಾಡಿದೆ. ಹೆಗ್ಡೆರ ಮಂತ್ರಿ ಒಳಗೆ ಬಂತು. "ಶಹ." ಬಚ್ಚ ರಾಜನನ್ನು ಸರಿಸಿದ, ಅಂದರೆ ನಾನು ಸರಿಸಿದೆ. ಮತ್ತೆ ಶಹ. ಮತ್ತೆ ಸರಿಸಿದೆ. ಮೂರನೆಯ ಸಲ ಸರಿಸಲು ಮನೆ ಇರಲಿಲ್ಲ.

ಅಂಗಳದ ಬೋರ್ಡಿನಲ್ಲಿ ಮಾತ್ರ ಒಂಟೆ ತನ್ನ ಜಾಗದಲ್ಲೇ ಇತ್ತು. ಅವನ ಒಂಟಿ ಕಾಲಾಳು ಒಂದು ಮನೆ ಮುಂದೆ ಹೋಗಿ ನಿಂತಿತ್ತು. ಒಂದೇ ಆಟ, ಕೆಳಗೆ ಬಚ್ಚ ಗೆದ್ದಿದ್ದ, ಮೇಲೆ ಸೋತಿದ್ದ. ನಾವು ಮೇಲಿನದ್ದನ್ನೇ ನಂಬಿದೆವು. ಯಾವಾಗ ನಂಬಿಲ್ಲ ಹೇಳಿ?

ಅವನು ಕಾಯಿಗಳನ್ನು ಚೀಲಕ್ಕೆ ತುಂಬಿ, "ಬತ್ತೆ" ಎಂದು ಹೊರಟ. ಒಬ್ಬನೇ. ಅವನಿಗೂ ಅಂಗಳದ ಮೂಲೆಯಲ್ಲಿ ಎಲೆ ಹಾಕಿದ್ದರು. ಅದು ಹಾಗೇ ಒಣಗಿತು.

ನಾನು ಒಳಗೆ ಹೋಗಿ ಉಂಡೆ. ಕೂರಲು ಮಣೆ ಬೇಕಲ್ಲ? ಜಗಲಿಯಲ್ಲಿ ಖಾಲಿ ಬಿದ್ದಿದ್ದ ಹಲಸಿನ ಮಣೆಯನ್ನೇ ಎತ್ತಿ ತಂದು ಹಾಕಿದರು. ಕೂತೆ. ಪಾಯಸ ಎರಡು ಸಲ ಹಾಕಿಸಿಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಚೆನ್ನಾಗಿತ್ತು.

ಕೈ ತೊಳೆಯುವಾಗ ಹೆಗ್ಡೆರು ನೀರು ಹಾಕುತ್ತ ಮೆಲ್ಲಗೆ ಕೇಳಿದರು: "ಆ ಕಾಲಾಳ್ ನೂಕಿದ್ರೆ ನಂಗ್ ಆಟ ಇರ್ಲಿಲ್ಲೆ, ಅಲ್ದಾ ಮಾಷ್ಟ್ರೆ?"

ನಾನು ಬಾಯಿ ಮುಕ್ಕಳಿಸುತ್ತಿದ್ದೆ. ಉತ್ತರ ಕೊಡದಿರಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ?

ಆಮೇಲೆ ಒಂದು ವಾರ ನನ್ನನ್ನು ನಾನೇ ಗಮನಿಸಿದೆ. ನಾನು ಯಾರ ಮಾತನ್ನು ಪೂರ್ತಿ ಕೇಳುತ್ತೇನೆ? ಸ್ಕೂಲ್ ಇನ್ಸ್‌ಪೆಕ್ಟರು ಮಾತಿನ ನಡುವೆ ಕೆಮ್ಮಿದರೆ ಉಸಿರು ಹಿಡಿದು ಕಾಯುತ್ತೇನೆ. ಮೀನು ಮಾರುವವಳು "ಒಡೆಯಾ, ಇವತ್ತ್..." ಎಂದರೆ ಬೇಡ ಎಂದು ಮುಂದೆ ಹೋಗುತ್ತೇನೆ. (ಬ್ರಾಹ್ಮಣನಿಗೆ ಮೀನು ಮಾರಲು ಬಂದವಳಲ್ಲ ಅವಳು. ಮೊಮ್ಮಗಳನ್ನು ಶಾಲೆಗೆ ಸೇರಿಸುವುದು ಹೇಗೆಂದು ಕೇಳಲು ಬಂದದ್ದು, ಆಮೇಲೆ ತಿಳಿಯಿತು.) ಹೆಂಡತಿಯ ಮಾತಿನ ಮೊದಲ ಶಬ್ದಕ್ಕೇ ನನ್ನ ಉತ್ತರ ತಯಾರಿರುತ್ತದೆ. ಯಾರ ಮಾತಿನ ಕೊನೆಯವರೆಗೆ ಕಾಯಬೇಕು, ಯಾರದ್ದಕ್ಕೆ ಬೇಡ ಎಂದು ಕಿವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಮೊದಲೇ ಗೊತ್ತು.

ಮೊನ್ನೆ ಭಾನುವಾರ ಬೈಂದೂರಿಗೆ ಹೋದೆ. ಕ್ಷಮೆ ಕೇಳಲಿಕ್ಕೆ.

ಬಚ್ಚ ಮನೆಯ ಹೊರಗೆ ಗೇರುಮರದ ಕೆಳಗೆ ಕೂತಿದ್ದ. ಎದುರಿಗೆ ಬೋರ್ಡು. ಅದರ ಮೇಲೆ ಅವತ್ತಿನದೇ ಆಟ, ಒಂದು ಕಾಯಿಯೂ ಆಚೀಚೆ ಇಲ್ಲ. ಒಂಟಿ ಕಾಲಾಳು ಮುಂದೆ ಹೋದ ಹಾಗೆಯೇ ನಿಂತಿತ್ತು.

"ತಪ್ಪ್ ನಂದ್ ಬಚ್ಚ," ಎಂದೆ.

"ಹೌದ್," ಎಂದ.

ಪರವಾಗಿಲ್ಲ ಎನ್ನುತ್ತಾನೆ ಎಂದುಕೊಂಡು ಹೋಗಿದ್ದೆ. ಎನ್ನಲಿಲ್ಲ. ನಿಂತಿದ್ದೆ. ಬೋರ್ಡನ್ನು ತೋರಿಸಿ, "ಹೆಗ್ಡೆರ್ ಬದಿಗೆ ನೀವ್ ಆಡಿ," ಎಂದ. ನನಗೆ ಹಗುರವಾಯಿತು. ಎದುರು ಕೂತೆ. ಹೆಗ್ಡೆರ ಆನೆಯನ್ನು ಹಿಂದಕ್ಕೆ ತರಲು ಕೈ ಚಾಚಿದೆ.

"ಬ್ಯಾಡ ಮಾಷ್ಟ್ರೆ. ಮುಟ್ಬ್ಯಾಡಿ. ನೀವ್ ಬಾಯಂಗ್ ಹೇಳಿ ಸಾಕ್, ನಾ ನಡ್ಸ್ತೆ."

ಗೌರವಕ್ಕೆ ಹೇಳಿದನೋ, ಸಿಟ್ಟಿಗೆ ಹೇಳಿದನೋ? ಮುಖ ನೋಡಿದೆ. ತಿಳಿಯಲಿಲ್ಲ. ಚಾಚಿದ ಕೈಯನ್ನು ಎಲ್ಲಿ ಇಡಬೇಕೆಂದೇ ಗೊತ್ತಾಗಲಿಲ್ಲ. ಐವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ನನಗೆ 'ಮುಟ್ಟಬೇಡಿ' ಎಂದದ್ದು. ಆ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಆಗ ಗೊತ್ತಾಯಿತು. ಅವನಿಗೆ ಹುಟ್ಟಿದಾಗಿನಿಂದ ಗೊತ್ತು.

ಹೇಳಿದೆ. ಪ್ರತಿಸಲವೂ ನನ್ನ ಮಾತು ಪೂರ್ತಿ ಮುಗಿಯುವವರೆಗೆ ಅವನು ಕೈ ಎತ್ತಲಿಲ್ಲ. ಮುಗಿದ ಮೇಲೂ ಒಂದು ಉಸಿರು ಕಾದು, ಆಮೇಲೆ ನಡೆಸಿದ. ನಾಲ್ಕನೆಯ ಸಲಕ್ಕೆ ಕಾಲಾಳು ಮಂತ್ರಿಯಾಯಿತು. ಆರನೆಯದಕ್ಕೆ ನನ್ನ ರಾಜನಿಗೆ ಹೋಗಲು ಮನೆ ಇರಲಿಲ್ಲ.

"ಹೆಗ್ಡೆರಿಗ್ ನಾ ಹೇಳ್ತೆ. ಇನ್ನೊಂದ್ ಆಟ ಆಡ್ತ್ಯಾ ಬಚ್ಚ?" ಎಂದೆ.

"ಯಾರ್ ಕೈಯಂಗೆ?" ಎಂದ.

ಮನೆಗೆ ಬಂದೆ. ಎಲ್ಲಿಗೆ ಹೋಗಿದ್ದೆನೆಂದು ತಿಳಿದ ಹೆಂಡತಿ ಬಚ್ಚಲ ಹಂಡೆಯ ಕಡೆ ಕೈ ತೋರಿಸಿದಳು. ಮಿಂದೆನೋ ಇಲ್ಲವೋ ಎಂದು ದಯವಿಟ್ಟು ಕೇಳಬೇಡಿ.

ಹೆಗ್ಡೆರೇ, ಈ ಪೇಪರು ನಿಮ್ಮ ಮನೆಗೂ ಬರುತ್ತದೆ. ಅವತ್ತು ನೀವು ಕೇಳಿದ ಪ್ರಶ್ನೆಗೆ ಈಗ ಪೂರ್ತಿ ಉತ್ತರ ಕೊಡುತ್ತಿದ್ದೇನೆ. ನನ್ನ ಕಿವಿಗೆ ಬಿದ್ದದ್ದು 'ಒಂಟಿ ಕಾಲಾಳ್ ಒಂದ್ ಮನಿ ಮುಂದ್ ಮಾಡಿ' ಎಂದು. ಅವನು ಮುಗಿಸುವ ಮೊದಲೇ ಮುಟ್ಟಿದವ ನಾನು. ಆಟ ಬಚ್ಚನದ್ದು. ಕೈ ತೊಳೆಯುವಾಗ ನೀವು ಕೇಳಿದಿರಲ್ಲ, ಅದಕ್ಕೂ ಇದೇ ಉತ್ತರ.

ಮುಟ್ಟಿದ ಕಾಯಿ ನಡೆಸಲೇಬೇಕು ಎಂದಿರಿ. ಇಪ್ಪತ್ತು ಜನರೆದುರು ಕೊಟ್ಟ ಮಾತನ್ನು ಯಾವಾಗ ನಡೆಸುತ್ತೀರಿ?